ಮುದ್ದಕ್ಕ ಖಾತೆ ಮುಚ್ಚಿಸಿದ್ದು

"ಹಣ ಬರ್ತಾ ಉಂಟು ಮುದ್ದಕ್ಕ. ನಮ್ಮ ಬ್ಯಾಂಕಿಗೆ ಬರ್ತಾ ಇಲ್ಲ, ಅಷ್ಟೇ" ಎಂದಳು ಕೌಂಟರಿನ ಸಿಂಥಿಯಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಮತ್ತೆ ಯಾರ ಬ್ಯಾಂಕಿಗೆ ಬರ್ತಾ ಉಂಟು?"

"ನಿಮ್ಮದೇ ಇನ್ನೊಂದು ಅಕೌಂಟಿಗೆ. ಮೊಬೈಲಿನಲ್ಲೇ ತೆರೆಯುವ ಬ್ಯಾಂಕು ಉಂಟಲ್ಲ, ಅಂಥದ್ದು. ನಿಮ್ಮ ಆಧಾರ್ ಈಗ ಅಲ್ಲಿಗೆ ಲಿಂಕ್ ಆಗಿದೆ. ಗೃಹಲಕ್ಷ್ಮಿ ಹಣ ಆಧಾರಿನ ಹಿಂದೆಯೇ ಹೋಗ್ತದೆ."

"ನನ್ನ ಹತ್ರ ಇರುವುದು ಒತ್ತುವ ಮೊಬೈಲು ಮಾರಾಯ್ತಿ! ಅದರೊಳಗೆ ಬ್ಯಾಂಕ್ ಎಲ್ಲಿಂದ ಬರಬೇಕು?"

ಸಿಂಥಿಯಾ ಈಗ ತಲೆ ಎತ್ತಿದಳು. ಹಿಂದೆ ನಿಂತವರಿಗೆ ಕೇಳಿಸದ ಹಾಗೆ, "ಮನೆಯಲ್ಲಿ ಒಮ್ಮೆ ಕೇಳಿ ನೋಡಿ ಅಕ್ಕ" ಎಂದಳು.

ಕಾವೂರಿನ ಕೆರೆಯ ಪಕ್ಕದ ದಾರಿಯಲ್ಲಿ ಮನೆಗೆ ನಡೆಯುವಾಗ ಮುದ್ದುವಿನ ಮೈಯೆಲ್ಲ ಉರಿಯುತ್ತಿತ್ತು. ಹಣ ಬರಲಿಲ್ಲವೆಂದು ಇಷ್ಟು ತಿಂಗಳು ಅವಳು ಬೈಯದ ಮಂತ್ರಿ ಇರಲಿಲ್ಲ. ಮೀನಿನವಳ ಹತ್ತಿರ ಬೈದಿದ್ದಳು, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಕ್ಯೂನಲ್ಲಿ ನಿಂತು ಬೈದಿದ್ದಳು, ಟಿವಿಯ ಮುಂದೆ ಕೂತೂ ಬೈದಿದ್ದಳು. ಅಷ್ಟೂ ಬೈಗುಳವನ್ನು ಈಗ ವಾಪಸು ತಂದು ತನ್ನದೇ ಮನೆಯ ಬಾಗಿಲಲ್ಲಿ ಸುರಿಯಬೇಕೇನೋ ಎಂದು ಅವಳಿಗೆ ಗುಮಾನಿ ಹತ್ತಿತ್ತು. ಯಾಕೆಂದರೆ ಮನೆಯಲ್ಲಿ ದೊಡ್ಡ ಮೊಬೈಲು ಇದ್ದದ್ದು ಮೂವರ ಹತ್ತಿರ. ಗಂಡ ದುಗ್ಗಪ್ಪ ಪಣಂಬೂರು ಬಂದರಿನ ಕೆಲಸದಿಂದ ನಿವೃತ್ತನಾದವ, ಅದರಲ್ಲಿ ಯಕ್ಷಗಾನ ನೋಡುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಹಿರಿಮಗ ಶೈಲೇಶ್ ಮಸ್ಕತ್‌ನಲ್ಲಿ. ಅವನ ಹೆಂಡತಿ ನಿರೀಕ್ಷಾ ಮಣ್ಣಗುಡ್ಡದ ಲ್ಯಾಬಿನಲ್ಲಿ ಬಿಲ್ ಮಾಡುವವಳು, ಅತ್ತೆಯ ಒಂದು ಚಮಚ ತೆಗೆದರೂ ಕೇಳಿ ತೆಗೆಯುವ ಹುಡುಗಿ. ಉಳಿದವ ಕಿರಿಮಗ ಮುಖೇಶ.

ರಾತ್ರಿ ಊಟಕ್ಕೆ ಬಂಗುಡೆ ಪುಳಿಮುಂಚಿ. ಮುಖೇಶನ ತಟ್ಟೆಗೆ ಎರಡು ದೊಡ್ಡ ತುಂಡು ಬಿದ್ದ ಮೇಲೆಯೇ ಮುದ್ದು ಬಾಯಿ ಬಿಟ್ಟದ್ದು.

"ನನ್ನ ಹೆಸರಿನಲ್ಲಿ ಮೊಬೈಲ್ ಬ್ಯಾಂಕ್ ತೆರೆದವ ಯಾರು?"

ಮುಖೇಶನ ಬೆರಳು ಮುಳ್ಳಿನಲ್ಲೇ ನಿಂತಿತು. "ಓ, ಅದಾ? ಅದು ಎಂತ ಇಲ್ಲ ಅಮ್ಮ. ಒಂದು ಆಫರ್ ಇತ್ತು."

"ನಾನು ಹೋಗಲಿಲ್ಲ, ಸೈನ್ ಹಾಕಲಿಲ್ಲ. ಹೇಗೆ ತೆರೆದೆ?"

"ನೀನು ವಿಡಿಯೋದಲ್ಲಿ ಕೂತಿದ್ದೆಯಲ್ಲ."

ಮುದ್ದುವಿಗೆ ಒಮ್ಮೆಲೇ ನೆನಪಾಯಿತು. ರೇಷನ್ ಕಾರ್ಡಿಗೆ ಮುಖ ನೋಡ್ಲಿಕ್ಕುಂಟು ಎಂದು ಹೇಳಿದ್ದ. ಅವಳು ಮುಖ ತೊಳೆದು, ಶೈಲೇಶನ ಮದುವೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಪರದೆಯಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಹಿಂದಿಯಲ್ಲಿ ಏನೋ ಕೇಳುತ್ತಿದ್ದ, ಮುಖೇಶ ಪಕ್ಕದಿಂದ "ತಲೆ ಆಚೆ ತಿರುಗಿಸು, ಕಣ್ಣು ಮಿಟುಕಿಸು, ಹೂಂ ಅನ್ನು" ಎನ್ನುತ್ತಿದ್ದ. ಇವಳು ಆಚೆ ತಿರುಗಿದ್ದಳು, ಮಿಟುಕಿಸಿದ್ದಳು, ಹೂಂ ಅಂದಿದ್ದಳು. ಕೊನೆಗೆ ಆ ಹುಡುಗನಿಗೆ, "ಊಟ ಆಯ್ತಾ ಮಗಾ?" ಎಂದೂ ಕೇಳಿದ್ದಳು.

"ಅಮ್ಮನ ಮುಖ ಅಡ ಇಟ್ಟೆಯಾ ಬೇವರ್ಸಿ!" ದುಗ್ಗಪ್ಪ ತಟ್ಟೆ ಸರಿಸಿದ.

"ಎಂತ ಅಡ ಅಪ್ಪ? ನನ್ನ ಅಕೌಂಟಿಗೆ ಸಂಬಳ ಬಿದ್ದರೆ ಬೈಕ್ ಲೋನಿನವರು ಬಿದ್ದ ಕೂಡಲೇ ಎಳ್ಕೊಳ್ತಾರೆ. ನಾನು ಮಣ್ಣು ತಿನ್ನಬೇಕಾ? ಅದಕ್ಕೆ ಅಮ್ಮನ ಹೆಸರಲ್ಲಿ..."

"ಸಂಬಳವಾ?" ಅಡುಗೆಮನೆಯಿಂದ ನಿರೀಕ್ಷಾಳ ಸ್ವರ ಬಂತು. ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಟೈಲ್ಸ್ ಅಂಗಡಿಯಲ್ಲಿ ವ್ಯಾಪಾರ ಇಲ್ಲ, ಓನರ್ ಸಂಬಳವೇ ಕೊಡುವುದಿಲ್ಲ ಅಂತ ಹೇಳಿದ್ದಲ್ವಾ ನೀನು?"

ಮುಖೇಶ ನೀರಿನ ಲೋಟಕ್ಕೆ ಕೈ ಹಾಕಿದ.

ಮುದ್ದು ನಿಧಾನ ಎದ್ದಳು. ಸಂಬಳ ಸಿಗದ ಮಗನೆಂದು ಬೆನ್ನು ನೋವಿನಲ್ಲೂ ದಿನಕ್ಕೆ ಇನ್ನಷ್ಟು ಬೀಡಿ ಹೆಚ್ಚು ಕಟ್ಟಿದ್ದಳು ಅವಳು. ಅವನಿಗೆ ಮೀನಿನ ನಡುತುಂಡು, ತನಗೆ ತಲೆ, ಬಾಲ. ಅವನ ತಟ್ಟೆಯಿಂದ ಎರಡೂ ತುಂಡು ತೆಗೆದು ಹಿತ್ತಿಲಿಗೆ ಹೋಗಿ ಬೆಕ್ಕಿಗೆ ಹಾಕಿದಳು. ಒಳಗೆ ಬಂದು ಕೈ ತೊಳೆದು, "ಅದನ್ನು ಮುಚ್ಚು. ನನ್ನ ಹೆಸರು ಅಲ್ಲಿಂದ ತೆಗಿ" ಎಂದಳು.

"ಸದ್ಯಕ್ಕೆ ಆಗುವುದಿಲ್ಲ ಅಮ್ಮ."

"ಆಗುವುದಿಲ್ಲ ಅಂತ ಹೇಳಲಿಕ್ಕೆ ನೀನು ಯಾರು? ಖಾತೆ ನನ್ನದಲ್ವಾ?"

ಮುಖೇಶ ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದು ಎದ್ದುಹೋದ.

ಮರುದಿನ ದುಗ್ಗಪ್ಪನಿಗೆ ಪೌರುಷ ಬಂತು. "ಇವನ ಮುಸುಡು ನೋಡ್ತಾ ಕೂತರೆ ಆಗ್ಲಿಕ್ಕಿಲ್ಲ. ನಾನೇ ಮುಚ್ಚಿಸ್ತೇನೆ" ಎಂದು ಜಗಲಿಯಲ್ಲಿ ಕೂತು, ಬ್ಯಾಂಕಿನ ಹೆಸರು ಹೇಳಿ ಮೊಬೈಲಿನಲ್ಲಿ ಹುಡುಕಿಸಿದ. ಎಲ್ಲಕ್ಕಿಂತ ಮೇಲೆ ಬಂದ ಕಸ್ಟಮರ್ ಕೇರ್ ನಂಬರನ್ನೇ ಒತ್ತಿ ಸ್ಪೀಕರಿಗೆ ಹಾಕಿದ. ಎದುರಿಗೆ ಮುದ್ದು ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು, ಪಕ್ಕದಲ್ಲಿ ಎಲೆ ನೆನೆಹಾಕಿದ ಬಕೆಟ್.

ಆಚೆಯವನ ಮಾತು ಬೆಣ್ಣೆ. "ಖಂಡಿತ ಮುಚ್ಚಿ ಕೊಡ್ತೇವೆ ಸರ್. ಐದೇ ನಿಮಿಷ. ನಾನು ಕಳಿಸುವ ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಸ್ಕ್ರೀನ್ ನನಗೆ ಕಾಣಬೇಕು."

"ನೋಡು, ಎಷ್ಟು ಮರ್ಯಾದೆಯಲ್ಲಿ ಮಾತಾಡ್ತಾನೆ" ಎಂದು ದುಗ್ಗಪ್ಪ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

"ಸರ್, ಒಂದು ವೆರಿಫಿಕೇಶನ್. ನಿಮ್ಮ ಎಟಿಎಂ ಕಾರ್ಡ್ ಕೈಯಲ್ಲಿ ಉಂಟಾ?"

"ಪೆನ್ಶನ್ ಬರುವುದಾ? ಉಂಟುಂಟು."

ಮುದ್ದುವಿನ ಕೈಯ ನೂಲು ನಿಂತಿತು. "ಮುಚ್ಚುವುದು ನನ್ನ ಖಾತೆ. ನಿಮ್ಮ ಕಾರ್ಡ್ ಎಂತಕ್ಕೆ ಅವನಿಗೆ?"

"ನೀನು ಸುಮ್ಮನೆ ಕೂತ್ಕೋ. ಇದೆಲ್ಲ ನಿನಗೆ ತಿಳಿಯುವುದಿಲ್ಲ." ದುಗ್ಗಪ್ಪ ಕನ್ನಡಕ ಏರಿಸಿ ಕಾರ್ಡಿನ ಮೇಲಿನ ಅಂಕೆಗಳನ್ನು, ಬಂದರಿನಲ್ಲಿ ಮೂಟೆ ಎಣಿಸುವ ಸ್ವರದಲ್ಲಿ ಗಟ್ಟಿಯಾಗಿ ಓದಿದ.

"ಈಗ ಹಿಂದುಗಡೆ ಇರುವ ಮೂರು ನಂಬರ್ ಸರ್."

ದುಗ್ಗಪ್ಪ ಕಾರ್ಡ್ ಮಗುಚುವಷ್ಟರಲ್ಲಿ ಮುದ್ದು ತಡ್ಪೆ ಬದಿಗಿಟ್ಟು ಎದ್ದಿದ್ದಳು. ಅವನ ಕೈಯಿಂದ ಮೊಬೈಲ್ ಕಿತ್ತು ಎಲೆಯ ಬಕೆಟಿನೊಳಗೆ ಮುಳುಗಿಸಿ, ಬೆಕ್ಕಿನ ಮರಿಯನ್ನು ಹಿಡಿದ ಹಾಗೆ ಒತ್ತಿ ಹಿಡಿದಳು. ಗುಳುಗುಳು ಎಂದು ಎರಡು ಗುಳ್ಳೆ ಬಂತು.

"ಹುಚ್ಚು ಹಿಡಿಯಿತಾ ನಿನಗೆ? ಶೈಲೇಶ ಕಳಿಸಿದ ಮೊಬೈಲದು!"

"ಮಗ ನನ್ನ ಮುಖ ಕೊಟ್ಟ, ಅಪ್ಪ ಕಾರ್ಡ್ ಕೊಡ್ತಾನೆ! ಈ ಮನೆಯ ಗಂಡಸರಿಗೆ ಕೊಡುವುದೊಂದೇ ಗೊತ್ತಿರುವುದು, ಯಾರಿಗೆ ಅಂತ ಗೊತ್ತಿಲ್ಲ!"

ಲ್ಯಾಬಿಗೆ ಹೊರಟಿದ್ದ ನಿರೀಕ್ಷಾ ಚಪ್ಪಲಿ ಕಳಚಿ ಓಡಿಬಂದಳು. ಕಥೆ ಕೇಳಿದ್ದೇ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪೆನ್ಶನ್ ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ ತಂದಳು. ಹಣ ಹೋಗಿರಲಿಲ್ಲ. ದುಗ್ಗಪ್ಪನ ಮರ್ಯಾದೆ ಹೋಗಿತ್ತು. ಎರಡು ದಿನ ಅವನು ಗಂಜಿಗೆ ಚಟ್ನಿ ಬೇಕೆಂದೂ ಕೇಳಲಿಲ್ಲ. ಮೊಬೈಲನ್ನು ಮೊಮ್ಮಗಳು ಪ್ರಾಪ್ತಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಅದು ಬದುಕಲಿಲ್ಲ.

"ಗೂಗಲಿನಲ್ಲಿ ಮೊದಲು ಬರುವವನೆಲ್ಲ ಬ್ಯಾಂಕಿನವ ಅಲ್ಲ ಮಾಮ" ಎಂದಳು ನಿರೀಕ್ಷಾ ಆ ಸಂಜೆ, ಬಸಳೆ ಸೋಸುತ್ತ. "ಮುಚ್ಚುವುದಿದ್ದರೆ ಆ ಬ್ಯಾಂಕಿನ ಆ್ಯಪಿನ ಒಳಗಿಂದಲೇ ಮುಚ್ಚಬೇಕು. ಅದಕ್ಕೆ ಒಟಿಪಿ ಹೋಗುವುದು ಮುಖೇಶನ ಎರಡನೇ ಸಿಮ್ಮಿಗೆ. ಆ ಸಿಮ್ ಇಲ್ಲದೆ ಮಾಮಿಯ ಖಾತೆಯ ಬಾಗಿಲು ಮಾಮಿಗೇ ತೆರೆಯುವುದಿಲ್ಲ."

"ಸಿಮ್ ಕೊಡು" ಎಂದಳು ಮುದ್ದು ಮಗನಿಗೆ, ಅವನು ಹೊಸ್ತಿಲು ದಾಟುವ ಮುಂಚೆಯೇ.

"ಕೊಡುವುದಿಲ್ಲ. ನನ್ನ ಸಂಬಳ ಉಂಟು ಅದರಲ್ಲಿ."

"ನನ್ನ ಹೆಸರೂ ಉಂಟು ಅದರಲ್ಲಿ."

"ಹೆಸರಿಗೆ ಎಂತ ಆಗಿದೆ ಅಮ್ಮ? ಸವೆದುಹೋಯ್ತಾ? ಅತ್ತಿಗೆ ತಲೆ ತುಂಬಿಸಿದ ಮೇಲೆ ನಿನಗೆ ಹೆಸರು ನೆನಪಾದದ್ದು."

"ನನ್ನನ್ನು ನಡುವಿಗೆ ತರಬೇಡ" ಎಂದಳು ನಿರೀಕ್ಷಾ. "ಐದು ತಿಂಗಳು ಗ್ಯಾಸಿನ ಹಣ ನಾನು ಕೊಟ್ಟಿದ್ದೇನೆ. ಸಂಬಳ ಇಲ್ಲದ ಮೈದುನ ಅಂತ ಒಂದು ಮಾತು ಆಡಲಿಲ್ಲ."

ಮುಖೇಶ ಅಂದಿನಿಂದ ಹೊರಗೇ ತಿಂದು ಬರತೊಡಗಿದ. ಮುದ್ದುವೂ ಅವನಿಗೆಂದು ಅಕ್ಕಿ ಅಳೆಯುವುದನ್ನು ಬಿಟ್ಟಳು. ಶುಕ್ರವಾರ ಮಸ್ಕತ್‌ನಿಂದ ಶೈಲೇಶ ವಿಡಿಯೋ ಕಾಲ್ ಮಾಡಿ, "ಬಿಡಮ್ಮ, ಸಣ್ಣವ. ನಾಲ್ಕು ದಿನದಲ್ಲಿ ಸರಿಯಾಗ್ತಾನೆ. ನಿನ್ನ ಗೃಹಲಕ್ಷ್ಮಿಯಷ್ಟು ನಾನೇ ಕಳಿಸ್ತೇನೆ" ಎಂದ.

"ಹಣ ಕೇಳಿದೆನಾ ನಾನು?" ಮುದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ನಿನ್ನ ಹೆಂಡತಿಯನ್ನು ಯಾರಾದರೂ ಸುಳ್ಳು ಹೇಳಿ ಹಾಗೆ ಶೃಂಗಾರ ಮಾಡಿ ಕೂರಿಸಿದ್ದರೆ ಬಿಡ್ತಿದ್ದೆಯಾ ನೀನು? ಅಮ್ಮನಾದರೆ ಬಿಡಬಹುದು, ಅಲ್ವಾ?"

ಶೈಲೇಶನಿಗೆ ನೆಟ್‌ವರ್ಕ್ ಸರಿಯಿಲ್ಲದಂತಾಯಿತು.

ಸೋಮವಾರ ಬೆಳಿಗ್ಗೆ ಮುದ್ದು ಬ್ರಾಂಚಿಗೆ ಬೀಡಿ ಕೊಟ್ಟವಳು ಮನೆಗೆ ಬರಲಿಲ್ಲ. ಖಾಲಿ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿ ಕುಳೂರಿನಲ್ಲಿ ಇಳಿದಳು. ಟೈಲ್ಸ್ ಅಂಗಡಿಯ ಗಾಜಿನ ಬಾಗಿಲು ತಳ್ಳಿದರೆ ತೆರೆಯುವುದೋ ಎಳೆದರೋ ಎಂದು ಒಂದು ಕ್ಷಣ ನಿಂತು, ಎರಡನ್ನೂ ಮಾಡಿ ಒಳಗೆ ಹೋದಳು. ಮೇಜಿನ ಹಿಂದೆ ಓನರ್ ಶೆರ್ವಿನ್ ಕಾಫಿ ಕುಡಿಯುತ್ತಿದ್ದ. ಆಚೆ ತುದಿಯಲ್ಲಿ ಮುಖೇಶ ಒಂದು ಗಂಡ ಹೆಂಡತಿಗೆ ಬಾತ್‌ರೂಮಿನ ಟೈಲ್ಸ್ ತೋರಿಸುತ್ತಿದ್ದ. ತಾಯಿಯನ್ನು ಇನ್ನೂ ಕಂಡಿರಲಿಲ್ಲ.

"ನಮಸ್ಕಾರ. ನಾನು ಮುದ್ದು. ಕೆಲಸಕ್ಕೆ ಬಂದಿದ್ದೇನೆ."

ಶೆರ್ವಿನ್ ಕಾಫಿ ಕೆಳಗಿಟ್ಟ. "ಕೆಲಸ ಖಾಲಿ ಇಲ್ವಲ್ಲ ಅಮ್ಮ."

"ಖಾಲಿ ಎಂತಕ್ಕೆ ಬೇಕು? ತಿಂಗಳು ತಿಂಗಳು ನನಗೆ ಸಂಬಳ ಹಾಕ್ತಾ ಇದ್ದೀರಲ್ಲ. ಕೆಲಸ ಮಾಡದೆ ಸಂಬಳ ತಿಂದು ನನಗೆ ಅಭ್ಯಾಸ ಇಲ್ಲ. ಬ್ರಾಂಚಿನಲ್ಲಿ ಒಂದು ಬೀಡಿಯ ತಲೆ ಸರಿ ಇಲ್ಲದಿದ್ದರೆ ಇಡೀ ಕಟ್ಟು ಬಿಸಾಡ್ತಾರೆ, ಗೊತ್ತುಂಟಾ ನಿಮಗೆ? ಹಾಗೆ ದುಡಿದವಳು ನಾನು. ಹಿಡಿಸೂಡಿ ಎಲ್ಲಿ?"

ಹಿಡಿಸೂಡಿ ಮೂಲೆಯಲ್ಲೇ ಇತ್ತು. ಸೆರಗು ಸಿಕ್ಕಿಸಿ ಮುದ್ದು ಗುಡಿಸಲು ಸುರು ಮಾಡಿದಳು. ಟೈಲ್ಸಿನ ಸ್ಟ್ಯಾಂಡುಗಳ ನಡುವೆ ಗುಡಿಸುತ್ತ ಗುಡಿಸುತ್ತ, ಗಿರಾಕಿ ಹೆಂಗಸಿನ ಚಪ್ಪಲಿಯ ತನಕ ಬಂದು, "ಸ್ವಲ್ಪ ಕಾಲು ಎತ್ತಿ ಅಕ್ಕ" ಎಂದಳು.

ಮುಖೇಶನ ಕೈಯ ಸ್ಯಾಂಪಲ್ ಟೈಲ್ಸ್ ಜಾರಿ ಅಂಚು ಒಡೆಯಿತು. "ಅಮ್ಮಾ! ಎಂತ ಮಾಡ್ತಾ ಇದ್ದೀ?"

"ನನ್ನ ಡ್ಯೂಟಿ. ನೀನು ನಿನ್ನದು ಮಾಡು. ಸಂಬಳ ಇಲ್ಲದೆ ದುಡಿಯುವ ಪುಣ್ಯಾತ್ಮ ನೀನು."

"ಸಂಬಳ ಇಲ್ಲದೆಯಾ?" ಶೆರ್ವಿನ್ ಎದ್ದೇ ನಿಂತ. "ಯಾರು ಹೇಳಿದ್ದು? ಒಂದು ತಿಂಗಳೂ ತಪ್ಪಿಸಲಿಲ್ಲ ನಾನು. ಮುಖೇಶ, ನೀನೇ ಅಲ್ವಾ ಹೇಳಿದ್ದು, ಅಮ್ಮನೇ ಅವರ ಅಕೌಂಟಿಗೆ ಹಾಕಲಿಕ್ಕೆ ಹೇಳಿದ್ದಾರೆ, ಮನೆಖರ್ಚು ಅವರೇ ನೋಡುವುದು ಅಂತ?"

ಗಿರಾಕಿ ಗಂಡ ಹೆಂಡತಿ ಟೈಲ್ಸ್ ನೋಡುವುದು ಬಿಟ್ಟು ಇವರನ್ನೇ ನೋಡುತ್ತಿದ್ದರು.

"ನಾನು ಹೇಳಲಿಲ್ಲ" ಎಂದಳು ಮುದ್ದು. "ಇನ್ನು ಮೇಲೆ ಅವನ ಸಂಬಳ ಅವನ ಹೆಸರಿಗೆ ಹಾಕಿ. ಇಲ್ಲ, ನನ್ನ ಹೆಸರಿಗೇ ಹಾಕ್ತೇನೆ ಅಂತಾದರೆ ನಾನು ದಿನಾ ಬರ್ತೇನೆ. ಬಾಕಿ ಗುಡಿಸುವುದು ತುಂಬ ಉಂಟು ಇಲ್ಲಿ, ಮೂಲೆಯಲ್ಲೆಲ್ಲ ಬಲೆ."

"ಬೇಡ ಅಮ್ಮ, ಬೇಡ. ಈ ತಿಂಗಳಿಂದಲೇ ಬದಲಾಯಿಸ್ತೇನೆ." ಶೆರ್ವಿನ್ ಅವಳ ಕೈಯಿಂದ ಹಿಡಿಸೂಡಿ ತೆಗೆದುಕೊಂಡ.

ಬಸ್ ಸ್ಟಾಪಿನ ತನಕ ಮುಖೇಶ ಹಿಂದೆಯೇ ಓಡಿಬಂದ. ಅವನ ಕಣ್ಣು ಕೆಂಪಾಗಿತ್ತು. "ಎಲ್ಲರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ!"

"ನಿನ್ನದು ತೆಗೆಯಲಿಕ್ಕೆ ನಾನು ಬಸ್ಸಿಗೆ ಹಣ ಕೊಟ್ಟು ಕುಳೂರಿಗೆ ಬರಬೇಕಾಯ್ತು. ನನ್ನದನ್ನು ನೀನು ಮನೆಯಲ್ಲೇ ಕೂತು ತೆಗೆದೆ." ಬಸ್ಸು ಬಂತು. ಅವಳು ಹತ್ತಿದಳು.

ಆ ರಾತ್ರಿ ಮುಖೇಶ ಸಿಮ್ಮನ್ನು ತಂದು ಊಟದ ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಿ! ಮೊಬೈಲಿಂದ ಆ್ಯಪ್ ಕೂಡ ಈಗಲೇ ಡಿಲೀಟ್ ಮಾಡ್ತೇನೆ. ಸಿಮ್ ಮುರಿದು ಬಿಸಾಡಿ. ಮುಗಿಯಿತಲ್ಲ?"

"ಮುಟ್ಟಬೇಡ!" ನಿರೀಕ್ಷಾ ಅವನ ಕೈ ತಡೆದಳು. "ಆ್ಯಪ್ ಅಳಿಸಿದರೆ ಖಾತೆ ಸಾಯುವುದಿಲ್ಲ. ಬಾಗಿಲು ತೆರೆದೇ ಇಟ್ಟು ಕೀಲಿಕೈ ಬಾವಿಗೆ ಎಸೆದ ಹಾಗೆ ಅದು. ಆ ಸಿಮ್ ನಂಬರ್ ನಾಳೆ ಕಂಪೆನಿಯವರು ಇನ್ಯಾರಿಗೋ ಕೊಡ್ತಾರೆ, ಮಾಮಿಯ ಒಟಿಪಿ ಅವನಿಗೆ ಹೋಗ್ತದೆ. ಮುಚ್ಚಿದೆ ಅಂತ ಬ್ಯಾಂಕಿನಿಂದ ಕಾಗದ ಬರುವ ತನಕ ಸಿಮ್ ಜೀವಂತ ಇರಬೇಕು."

ಮುದ್ದು ಆ ಸಿಮ್ಮನ್ನು ತನ್ನ ಒತ್ತುವ ಮೊಬೈಲಿನ ಎರಡನೇ ಗೂಡಿಗೆ ಹಾಕಿಸಿಕೊಂಡಳು. ಅಂದಿನಿಂದ ಒಟಿಪಿ ಬಂದಾಗಲೆಲ್ಲ ಅದು ಅವಳ ಸೊಂಟದಲ್ಲಿ ಕುಂಯ್ ಎನ್ನುತ್ತಿತ್ತು, ಮುಖೇಶ ಅಡುಗೆಮನೆಯ ಬಾಗಿಲಿಗೆ ಬಂದು "ಅಮ್ಮ, ನಂಬರ್ ಹೇಳು" ಎಂದು ಬೇಡಬೇಕಿತ್ತು. ಅವಳು ಮೊದಲು, "ಎಂತಕ್ಕೆ?" ಎಂದು ಕೇಳುತ್ತಿದ್ದಳು. ಪೂರ್ತಿ ಉತ್ತರ ಬಂದ ಮೇಲೆಯೇ ಅಂಕೆ ಹೇಳುವುದು.

ಮೊದಲಿನ ಕೆಲಸ ಸಿಂಥಿಯಾಳ ಕೌಂಟರಿನಲ್ಲಿ ಆಯಿತು. ಆಧಾರನ್ನು ಮತ್ತೆ ಹಳೇ ಖಾತೆಗೆ ಕಟ್ಟಿಸದೆ ಇದನ್ನು ಮುಚ್ಚಿದರೆ ಗೃಹಲಕ್ಷ್ಮಿ ಹಣ ನಡುದಾರಿಯಲ್ಲಿ ನಿಲ್ಲುತ್ತದೆ ಎಂದು ಅವಳೇ ಹೇಳಿ ಸಹಿ ಹಾಕಿಸಿಕೊಂಡಳು. ಅದು ಬದಲಾಯಿತು ಎಂದು ತಿಳಿಯುವವರೆಗೆ ಕಾದರು. ಆಮೇಲೆ ಒಂದು ಭಾನುವಾರ ನೀರುದೋಸೆ ತಿಂದಾದ ಮೇಲೆ, ಆ ಖಾತೆಯಿಂದ ತನ್ನಷ್ಟಕ್ಕೆ ಹಣ ಹೋಗುವ ಬಾಬತ್ತುಗಳನ್ನು ನಿರೀಕ್ಷಾ ಒಂದೊಂದಾಗಿ ಓದಿ ನಿಲ್ಲಿಸಿದಳು.

"ಸಿನೆಮಾ ನೋಡುವ ಆ್ಯಪ್ ಒಂದು."

"ನಿಲ್ಲಿಸು" ಎಂದ ದುಗ್ಗಪ್ಪ. ಅವನಿಗೆ ನಿಧಾನವಾಗಿ ಸ್ವರ ಮರಳಿತ್ತು.

"ಇದು ಜಿಮ್."

"ಜಿಮ್ಮಾ? ಗ್ಯಾಸ್ ಸಿಲಿಂಡರ್ ಒಳಗಿಡು ಅಂದರೆ ಸೊಂಟ ನೋವು ಇವನಿಗೆ! ಹಣ ಕೊಟ್ಟು ಕಬ್ಬಿಣ ಎತ್ತುವುದಾ? ಬಂದರಿಗೆ ಬಂದಿದ್ದರೆ ಅವರೇ ಹಣ ಕೊಡ್ತಿದ್ದರು."

ಪ್ರಾಪ್ತಿ ನಕ್ಕಳು. ಮುಖೇಶ ಅವಳನ್ನು ದುರುಗುಟ್ಟಿ ನೋಡಿದ. ತೆರೆದ ದಿನದಿಂದ ಇಂದಿನವರೆಗಿನ ಲೆಕ್ಕವನ್ನೆಲ್ಲ ನಿರೀಕ್ಷಾ ಇಳಿಸಿ ತೆಗೆದಿಟ್ಟಳು. ಖಾತೆ ಮುಚ್ಚಿದ ಮೇಲೆ ಅದು ಸಿಗಲಿಕ್ಕಿಲ್ಲ, ನಾಳೆ ಯಾರಾದರೂ ಏನಾದರೂ ಕೇಳಿದರೆ ಮಾಮಿಯ ಕೈಯಲ್ಲಿ ಉತ್ತರ ಇರಬೇಕು ಎಂದಳು. ಉಳಿದ ಹಣದಲ್ಲಿ ತನ್ನ ಗೃಹಲಕ್ಷ್ಮಿಯಷ್ಟನ್ನು ಮುದ್ದು ಹಳೇ ಖಾತೆಗೆ ಹಾಕಿಸಿಕೊಂಡಳು. "ಮಿಕ್ಕಿದ್ದು ಅವನದ್ದು. ಅವನ ಖಾತೆಗೇ ಹೋಗಲಿ."

"ಅಲ್ಲಿ ಬಿದ್ದರೆ ಲೋನಿನವರು ಎಳ್ಕೊಳ್ತಾರೆ ಅಮ್ಮ! ಅತ್ತಿಗೆಯ ಅಕೌಂಟಿಗೆ ಹಾಕು, ಒಂದೇ ವಾರ."

"ಇನ್ನೊಬ್ಬಳ ಹೆಸರು ಹುಡುಕ್ತಾನೆ ನೋಡು!" ಮುದ್ದುವಿನ ಸ್ವರಕ್ಕೆ ಹಿತ್ತಿಲಿನ ಕೋಳಿಗಳು ಚೆದುರಿದವು. "ಒತ್ತು ನಿರೀಕ್ಷಾ."

ಹಣ ಹೋಯಿತು. ಮಧ್ಯಾಹ್ನದೊಳಗೆ ಮುಖೇಶನ ಮೊಬೈಲಿಗೆ ಮೆಸೇಜು ಬಂತು, ಲೋನಿನವರು ಅಷ್ಟನ್ನೂ ಎಳೆದುಕೊಂಡಿದ್ದರು. ಅವನು ಗೋಡೆಗೊರಗಿ ಕೂತು ಅದನ್ನೇ ನೋಡುತ್ತಿದ್ದ. ಯಾರೂ ಸಮಾಧಾನ ಹೇಳಲಿಲ್ಲ.

ಮುಚ್ಚುವ ಅರ್ಜಿಯನ್ನು ಆ್ಯಪಿನ ಒಳಗೇ ಹಾಕಿದರು. ಖಾತೆಯವರ ಮುಖ ನೋಡದೆ ಮುಚ್ಚುವುದಿಲ್ಲ ಎಂದು ಬ್ಯಾಂಕು ವಿಡಿಯೋ ಕಾಲ್ ಇಟ್ಟಿತು. ಮುದ್ದು ಈ ಸಲ ಸೀರೆ ಉಡಲಿಲ್ಲ. ನೈಟಿಯ ಮೇಲೆ ಕೈ ಒರೆಸುವ ಬೈರಾಸು ಹಾಕಿಕೊಂಡು, ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಇದ್ದ ಹಾಗೆಯೇ ಕೂತಳು. ಪಕ್ಕದಲ್ಲಿ ಮುಖೇಶ ಮೆಲ್ಲ, "ಕಾರಣ ಕೇಳಿದರೆ ಉಪಯೋಗ ಇಲ್ಲ ಅಂತ ಹೇಳು" ಎಂದ.

"ನೀನು ಆಚೆ ಹೋಗು. ಈ ಸಲ ನೀನು ಹೇಳಿಕೊಡುವುದು ಬೇಡ."

ಪರದೆಯಲ್ಲಿ ಬಂದ ಹುಡುಗಿಗೆ ಕನ್ನಡ ಬರುತ್ತಿತ್ತು. ಹೆಸರು, ಹುಟ್ಟಿದ ವರ್ಷ, ಎಲ್ಲ ಕೇಳಿ, "ಯಾಕಮ್ಮ ಖಾತೆ ಮುಚ್ತಾ ಇದ್ದೀರಾ? ಬಳಸ್ತಾ ಇಲ್ವಾ?" ಎಂದಳು.

"ನಾನು ಒಂದು ದಿನವೂ ಬಳಸಲಿಲ್ಲ. ಬೇರೆಯವರು ಬಳಸಿದ್ದಾರೆ."

ಹುಡುಗಿಯ ನಗು ಮಾಯವಾಯಿತು. "ಬೇರೆಯವರು ಅಂದ್ರೆ? ನಿಮಗೆ ಗೊತ್ತಿಲ್ಲದೆ ಬಳಸಿದ್ದಾರಾ? ಹಾಗಿದ್ರೆ ನೀವು ಕಂಪ್ಲೇಂಟ್ ಕೊಡಬಹುದಮ್ಮ. ನಾನು ಬರ್ಕೊಳ್ಳಲಾ?"

ಬಾಗಿಲ ಮರೆಯಿಂದ ಮುಖೇಶ ಬೇಡ ಬೇಡವೆಂದು ಕೈ ಆಡಿಸಿದ. ದುಗ್ಗಪ್ಪ ಬೀಡಿ ಆರಿಸಿದ. ನಿರೀಕ್ಷಾ ನೆಲ ನೋಡಿದಳು.

"ಬಳಸಿದವ ನನ್ನ ಮಗ" ಎಂದಳು ಮುದ್ದು. "ಸುಳ್ಳು ಹೇಳಿ ತೆರೆದದ್ದು ಅವನೇ. ಈಗ ಮುಚ್ಚಲಿಕ್ಕೆ ಹೇಳ್ತಾ ಇರುವವಳು ನಾನು. ಕಂಪ್ಲೇಂಟ್ ಮನೆಯಲ್ಲಿ ಕೊಟ್ಟಾಗಿದೆ, ವಿಚಾರಣೆ ನಡೀತಾ ಉಂಟು. ನೀವು ನನ್ನ ಹೆಸರು ಅಲ್ಲಿಂದ ತೆಗೀರಿ."

ಹುಡುಗಿ ಏನೋ ಟೈಪ್ ಮಾಡಿದಳು. "ಆಯ್ತಮ್ಮ" ಎಂದಳು ಕೊನೆಗೆ. "ನಿಮ್ಮ ಒಟಿಪಿ ಯಾರಿಗೂ ಹೇಳಬೇಡಿ, ಮಗ ಕೇಳಿದ್ರೂ."

"ಅದನ್ನು ಕಲಿತದ್ದಕ್ಕೇ ಇಷ್ಟು ಖರ್ಚಾದದ್ದು" ಎಂದಳು ಮುದ್ದು.

ಖಾತೆ ಮುಚ್ಚಿದ ಕಾಗದ ಅರ್ಜಿಯಲ್ಲಿ ಕೊಟ್ಟಿದ್ದ ನಿರೀಕ್ಷಾಳ ಇಮೇಲಿಗೆ ಬಂತು. ಅದನ್ನು ಲ್ಯಾಬಿನಲ್ಲಿ ಪ್ರಿಂಟ್ ತೆಗೆದು ತಂದು ಅತ್ತೆಯ ಕೈಗೆ ಕೊಟ್ಟಳು. ಆಮೇಲೆಯೇ ಆ್ಯಪ್ ಅಳಿಸಿದ್ದು.

ಮರುವಾರ ಮುದ್ದು ಒಲೆಯ ಮೇಲೆ ಕುಚ್ಚಲಕ್ಕಿ ಇಟ್ಟು ಮೀನು ಉಜ್ಜುತ್ತಿದ್ದಾಗ ಗೇಟಿನ ಹತ್ತಿರ ಬೈಕು ನಿಂತಿತು. ಇಸ್ತ್ರಿ ಶರ್ಟಿನವನೊಬ್ಬ ಹೆಲ್ಮೆಟ್ ತೆಗೆದು, "ಮುಖೇಶ್ ಅವರ ಮನೆ ಇದೇ ಅಲ್ವಾ? ಬೈಕ್ ಲೋನಿನ ವಿಷಯ ಇತ್ತು. ಕಂತು ಇನ್ನೂ ಬಾಕಿ ಉಂಟು. ಅವರು ಇದ್ದಾರಾ?" ಎಂದ.

ಒಳಗಿನ ಕೋಣೆಯಿಂದ ಪಿಸುಮಾತು ಬಂತು. "ಅಮ್ಮ, ಇಲ್ಲ ಅಂತ ಹೇಳು. ಉಡುಪಿಗೆ ಹೋಗಿದ್ದಾನೆ ಅಂತ ಹೇಳು. ಇದೊಂದು ಸಲ ಅಮ್ಮ."

ಮುದ್ದು ಮೀನಿನ ಕೈಯನ್ನು ಹೊರಗಿನ ನಳ್ಳಿಯಲ್ಲಿ ತೊಳೆದು ಬೈರಾಸಿಗೆ ಒರೆಸಿಕೊಂಡಳು.

"ಇದ್ದಾನೆ. ಕೂತ್ಕೊಳ್ಳಿ" ಎಂದಳು ಬಂದವನಿಗೆ. ಒಳಗೆ ತಿರುಗಿ, "ಮುಖೇಶಾ, ನಿನ್ನನ್ನು ಕೇಳಿಕೊಂಡು ಬಂದಿದ್ದಾರೆ. ಅಂಗಿ ಹಾಕಿ ಬಾ."

"ನಾನು ಎಂತ ಹೇಳಬೇಕು ಅವರಿಗೆ?"

"ಅದು ನನಗೆ ಗೊತ್ತಿಲ್ಲ. ಸಂಬಳ ನಿನ್ನದು, ಸಾಲ ನಿನ್ನದು, ಬಾಯಿಯೂ ನಿನ್ನದೇ."

ಅವಳು ಜಗಲಿಯ ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಪೇಪರ್ ತೆಗೆದು ಬಂದವನಿಗೆ ಸರಿಸಿಕೊಟ್ಟು ಮೀನಿನ ಹತ್ತಿರ ಮರಳಿದಳು. ಇನ್ನೆರಡು ಮೀನು ಉಜ್ಜಿ ಮುಗಿಸಿದಳು. ಆಮೇಲೆ ಕೋಣೆಯ ಬಾಗಿಲು ಕಿರ್ರೆಂದಿತು. ಮುಖೇಶ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು, ಇನ್ನೊಂದು ಕುರ್ಚಿಯನ್ನು ತಾನೇ ಎಳೆದುಕೊಂಡು ಆ ಮನುಷ್ಯನ ಎದುರು ಕೂತ.